ಪರದೆಯ ಆಟಕ್ಕೆ ಪಾರ್ಕಿನ ಟಿಕೆಟ್

ಅಮ್ಯೂಸ್‌ಮೆಂಟ್ ಪಾರ್ಕುಗಳಲ್ಲಿ ವಿಡಿಯೋ ಗೇಮ್ ಎರಡು ರೂಪದಲ್ಲಿ ಸಿಗುತ್ತದೆ. ಒಂದು, ಸಾಲಾಗಿ ಯಂತ್ರಗಳನ್ನು ನಿಲ್ಲಿಸಿರುವ ಹಾಲ್. ಅಲ್ಲಿ ಸ್ಟಿಯರಿಂಗ್ ಹಿಡಿದು ಕಾರು ಓಡಿಸಬಹುದು, ಪ್ಲಾಸ್ಟಿಕ್ ಬೈಕ್ ಮೇಲೆ ಕೂತು ಅತ್ತಿತ್ತ ವಾಲಬಹುದು, ಬಂದೂಕು ಹಿಡಿದು ಪರದೆಯ ಮೇಲಿನ ಶತ್ರುಗಳನ್ನು ಹೊಡೆದುರುಳಿಸಬಹುದು. ಇನ್ನೊಂದರಲ್ಲಿ ರೈಡೇ ಗೇಮ್ ಆಗಿರುತ್ತದೆ. ಹಳಿಯ ಮೇಲೆ ಗಾಡಿ ಸಾಗುತ್ತಿರುವಾಗ ಕೂತವರು ಗುರಿಯಿಟ್ಟು ಹೊಡೆಯುತ್ತಾರೆ, ಅಂಕ ಗಳಿಸುತ್ತಾರೆ, ಇಳಿಯುವಾಗ ಪಕ್ಕದವರಿಗಿಂತ ಎಷ್ಟು ಮುಂದಿದ್ದೇವೆ ಎಂದು ನೋಡಿಕೊಳ್ಳುತ್ತಾರೆ. ಅಂಗೈಯಗಲದ ಫೋನಿನಲ್ಲಿ ಪುಕ್ಕಟೆಯಾಗಿ ಸಿಗುವ ಆಟಕ್ಕೆ ದುಡ್ಡು ಕೊಟ್ಟು ಜನ ಪಾರ್ಕಿಗೆ ಬರುವುದೇಕೆ ಎಂಬ ಪ್ರಶ್ನೆಗೆ ಈ ಯಂತ್ರಗಳ ರಚನೆಯಲ್ಲೇ ಉತ್ತರವಿದೆ. ಫೋನು ಆಡಿಸುವುದು ಬೆರಳನ್ನು. ಪಾರ್ಕಿನ ಯಂತ್ರ ಇಡೀ ಮೈಯನ್ನು ಆಡಿಸುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಜನರಿಗೆ ಇಂಥ ಆಟ ಬೇಕೆಂದರೆ ಮೈಸೂರಿಗೇ ಹೋಗಬೇಕು. ನಾಗರಹೊಳೆ ಕಾಡಿನ ಅಂಚಿನಲ್ಲಿ, ಮಾನಂದವಾಡಿ ರಸ್ತೆಯ ಮೇಲಿರುವ ಅಂತರಸಂತೆಯ ಮಕ್ಕಳು ದೊಡ್ಡ ರೈಡುಗಳನ್ನು ನೋಡುವುದು ಸಾಮಾನ್ಯವಾಗಿ ಶಾಲೆಯ ಪ್ರವಾಸದಲ್ಲಿ ಇಲ್ಲವೇ ದಸರಾ ರಜೆಯಲ್ಲಿ. ಉಳಿದಂತೆ ಆಟಗಳೇ ಊರ ಕಡೆ ಬರಬೇಕು. ಶಿವರಾತ್ರಿಯ ಹೊತ್ತಿಗೆ ಕಬಿನಿ ಹಿನ್ನೀರಿನ ದಡದ ಭೀಮನಕೊಲ್ಲಿಯಲ್ಲಿ ಮಹದೇಶ್ವರನ ಜಾತ್ರೆ, ಸಂಕ್ರಾಂತಿಯ ಸುಮಾರಿಗೆ ಕೆ.ಆರ್. ನಗರದ ಕಡೆ ಚುಂಚನಕಟ್ಟೆಯ ದನಗಳ ಜಾತ್ರೆ. ಜಾತ್ರೆಯೆಂದ ಮೇಲೆ ಬಲೂನಿಗೆ ಗುಂಡು ಹೊಡೆಯುವುದು, ರಿಂಗ್ ಎಸೆದು ಸೋಪು, ಬಾಚಣಿಗೆ ಗೆಲ್ಲುವುದು ಇದ್ದದ್ದೇ. ಇವಕ್ಕೂ ವಿಡಿಯೋ ಗೇಮಿಗೂ ಏನು ಸಂಬಂಧ ಎನ್ನಿಸಬಹುದು. ಸಂಬಂಧ ನೇರವಾದದ್ದು.

ಅಟಾರಿ ಕಂಪನಿಯನ್ನು ಕಟ್ಟಿದ ನೋಲನ್ ಬುಶ್ನೆಲ್ ಕಾಲೇಜಿನಲ್ಲಿ ಓದುವಾಗ ಅಮೆರಿಕದ ಯೂಟಾ ರಾಜ್ಯದ ಲಗೂನ್ ಎಂಬ ಪಾರ್ಕಿನಲ್ಲಿ ಆಟದ ಮಳಿಗೆಗಳನ್ನು ನೋಡಿಕೊಳ್ಳುತ್ತಿದ್ದವರು. ಚೆಂಡೆಸೆದು ಬಾಟಲಿ ಬೀಳಿಸುವ ಆಟಕ್ಕೆ ಜನರನ್ನು ಕೂಗಿ ಕರೆಯುವುದು, ಸೋತವರು ಇನ್ನೊಮ್ಮೆ ಕಾಸು ಬಿಚ್ಚುವಂತೆ ಮಾಡುವುದು ಅವರ ಕೆಲಸ. ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಬಾಹ್ಯಾಕಾಶ ಯುದ್ಧದ ಆಟವೊಂದನ್ನು ನಾಣ್ಯ ನುಂಗುವ ಪೆಟ್ಟಿಗೆಗೆ ಇಳಿಸಿದರೆ ಹೇಗೆ ಎಂಬ ಯೋಚನೆ ಅವರಿಗೆ ಬಂದದ್ದು ಸಹಜವೇ. 1971ರಲ್ಲಿ ಬಂದ ‘ಕಂಪ್ಯೂಟರ್ ಸ್ಪೇಸ್’ ಅಷ್ಟಾಗಿ ಓಡಲಿಲ್ಲ. ಮರುವರ್ಷ ಅಟಾರಿಯ ಎಂಜಿನಿಯರ್ ಆಲ್ ಆಲ್ಕಾರ್ನ್ ‘ಪಾಂಗ್’ ತಯಾರಿಸಿದರು: ಪರದೆಯ ಮೇಲೆ ಎರಡು ಗೆರೆ, ನಡುವೆ ಒಂದು ಚುಕ್ಕೆ, ಅಷ್ಟೇ. ಅದನ್ನು ಕ್ಯಾಲಿಫೋರ್ನಿಯಾದ ಒಂದು ಬಾರಿನಲ್ಲಿ ಇಟ್ಟ ಸ್ವಲ್ಪ ದಿನಕ್ಕೆ ಯಂತ್ರ ಕೆಟ್ಟಿದೆ ಎಂದು ಕರೆ ಬಂತು. ಹೋಗಿ ನೋಡಿದರೆ ಯಂತ್ರ ಸರಿಯಾಗಿಯೇ ಇತ್ತು, ನಾಣ್ಯ ಬೀಳುವ ಡಬ್ಬಿ ತುಂಬಿ ತುಳುಕಿತ್ತು. 1977ರಲ್ಲಿ ಇದೇ ಬುಶ್ನೆಲ್ ಸ್ಯಾನ್ ಹೋಸೆಯಲ್ಲಿ ಪಿಜ್ಜಾ ಅಂಗಡಿ, ಆಡುವ ಬೊಂಬೆ, ಟೋಕನ್ ಹಾಕಿ ಆಡುವ ಯಂತ್ರ ಎಲ್ಲವನ್ನೂ ಒಂದೇ ಸೂರಿನಡಿ ತಂದರು. ಇಂದಿನ ಮಾಲುಗಳ ಗೇಮ್ ಜೋನ್‌ಗಳೆಲ್ಲ ಅದರ ಮೊಮ್ಮಕ್ಕಳು.

ಜಪಾನಿನಲ್ಲೂ ಹೀಗೆಯೇ ಆಯಿತು. ‘ಪ್ಯಾಕ್‌ಮ್ಯಾನ್’ ಆಟವನ್ನು 1980ರಲ್ಲಿ ಹೊರತಂದ ನಾಮ್ಕೋ ಕಂಪನಿ ಶುರುವಾದದ್ದು 1955ರಲ್ಲಿ, ಯೊಕೊಹಾಮಾದ ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರ ತಾರಸಿಯ ಮೇಲೆ ಮಕ್ಕಳಿಗಾಗಿ ಇಟ್ಟ ಎರಡು ಯಾಂತ್ರಿಕ ಕುದುರೆಗಳಿಂದ. ಬಿಲದಿಂದ ತಲೆಯೆತ್ತುವ ಹೆಗ್ಗಣವನ್ನು ಸುತ್ತಿಗೆಯಿಂದ ಬಡಿಯುವ ಆಟ ಈಗ ಎಲ್ಲ ಊರಿನಲ್ಲೂ ಇದೆಯಲ್ಲ, ಅದನ್ನು 1970ರ ದಶಕದಲ್ಲಿ ಮೊದಲು ಮಾಡಿದ್ದು ರೋಲರ್ ಕೋಸ್ಟರ್ ತಯಾರಿಸುತ್ತಿದ್ದ ಟೋಗೋ ಕಂಪನಿ. ಪಾರ್ಕಿನವರಿಗೂ ವಿಡಿಯೋ ಗೇಮಿನವರಿಗೂ ಇದ್ದ ನಂಟು ನೆಂಟಸ್ತಿಕೆಗಿಂತ ಹತ್ತಿರದ್ದು, ಒಡಹುಟ್ಟಿದವರದ್ದು ಎನ್ನಬೇಕು.

ಕರ್ನಾಟಕದಲ್ಲಿ ಈ ಯಂತ್ರಗಳು ಪಾರ್ಕಿಗಿಂತ ಹೆಚ್ಚಾಗಿ ಬೇರೂರಿದ್ದು ಬೀದಿಬದಿಯ ಪಾರ್ಲರುಗಳಲ್ಲಿ. 1980ರ ದಶಕದ ಕೊನೆಗೂ 90ರ ದಶಕದಲ್ಲೂ ಬಸ್ ಸ್ಟ್ಯಾಂಡಿನ ಆಸುಪಾಸು, ಸಿನಿಮಾ ಟಾಕೀಸಿನ ಪಕ್ಕ ಕತ್ತಲು ಕೋಣೆಯಲ್ಲಿ ನಾಲ್ಕೈದು ಯಂತ್ರ, ಬಾಗಿಲಿಗೊಂದು ಪರದೆ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’ ಆಟದ ಹೆಸರು ಹುಡುಗರ ಬಾಯಿಗೆ ಒಗ್ಗಲಿಲ್ಲ. ಅದರಲ್ಲಿದ್ದ ಹಳದಿ ಟೋಪಿಯ ಪಾತ್ರದಿಂದಾಗಿ ದೇಶದುದ್ದಕ್ಕೂ ಅದು ‘ಮುಸ್ತಫಾ ಗೇಮ್’ ಆಯಿತು.

ಪೊಲೀಸರ ಕಣ್ಣೂ ಈ ಪಾರ್ಲರುಗಳ ಮೇಲೆ ಬಿತ್ತು. ಮಕ್ಕಳು ಶಾಲೆ ತಪ್ಪಿಸುತ್ತಾರೆ ಎನ್ನುವುದು ಒಂದು ದೂರು. ಆಟದ ಹೆಸರಿನಲ್ಲಿ ದುಡ್ಡು ಕಟ್ಟಿಸಿಕೊಂಡು ಜೂಜು ನಡೆಸುತ್ತಾರೆ ಎನ್ನುವುದು ಇನ್ನೂ ದೊಡ್ಡ ದೂರು. ಬೆಂಗಳೂರು ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯಗೊಳಿಸುವ ಆದೇಶ 1989ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಬಂತು. ವಿಡಿಯೋ ಗೇಮ್ ನಡೆಸುವವರು ಇದು ನಮಗೆ ಅನ್ವಯಿಸದು, ವ್ಯಾಪಾರ ಮಾಡುವುದು ನಮ್ಮ ಹಕ್ಕು ಎಂದು ನ್ಯಾಯಾಲಯದ ಮೆಟ್ಟಿಲೇರಿದರು. ಎಂ.ಜೆ. ಶಿವಾನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣವೆಂದು ಕಾನೂನು ಪುಸ್ತಕಗಳಲ್ಲಿ ನಿಂತಿರುವ ಈ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಸರ್ಕಾರದ ಕಡೆ ತೀರ್ಪಿತ್ತಿತು. ಕೌಶಲದ ಆಟವೇ ಇರಲಿ, ಅದೃಷ್ಟದ್ದೇ ಇರಲಿ, ಜನ ಸೇರುವ ಜಾಗದಲ್ಲಿ ಯಂತ್ರವಿಟ್ಟು ನಡೆಸುವುದಾದರೆ ಅದನ್ನು ನಿಯಂತ್ರಿಸುವ ಅಧಿಕಾರ ಸರ್ಕಾರಕ್ಕಿದೆ ಎಂಬುದು ಅದರ ಸಾರ. ದೇಶದ ಬೇರೆ ಬೇರೆ ಹೈಕೋರ್ಟುಗಳಲ್ಲಿ ಗೇಮ್ ಪಾರ್ಲರಿನ ತಕರಾರು ಬಂದಾಗಲೆಲ್ಲ ಬೆಂಗಳೂರಿನ ಈ ಪ್ರಕರಣ ಮುಂದೆ ಬರುತ್ತದೆ.

ಪಾರ್ಲರುಗಳನ್ನು ಮುಚ್ಚಿಸಿದ್ದು ಮಾತ್ರ ಪೊಲೀಸರಲ್ಲ. ಮೊದಲು ಟಿ.ವಿ.ಗೆ ಸಿಕ್ಕಿಸುವ ಕ್ಯಾಸೆಟ್ ಗೇಮು, ಆಮೇಲೆ ಕಂಪ್ಯೂಟರು, ಕೊನೆಗೆ ಮೊಬೈಲು ಮನೆಗೆ ಬಂದು ಅವುಗಳ ಗಿರಾಕಿಗಳನ್ನು ಕಸಿದುಕೊಂಡವು. ಬರೀ ಪರದೆ, ಗುಂಡಿ ಇದ್ದ ಯಂತ್ರ ಮೂಲೆ ಸೇರಿತು. ಉಳಿದುಕೊಂಡದ್ದು ಮನೆಯಲ್ಲಿ ಇಡಲಾಗದಂಥದ್ದು.

ಈ ದಾರಿಯನ್ನು ಮೊದಲು ಹಿಡಿದವರಲ್ಲಿ ಸೇಗಾ ಕಂಪನಿ ಮುಖ್ಯವಾದುದು. 1985ರ ‘ಹ್ಯಾಂಗ್ ಆನ್’ ಆಟದಲ್ಲಿ ನಿಜವಾದ ಬೈಕಿನಷ್ಟು ದೊಡ್ಡ ಬೈಕನ್ನೇ ಇಟ್ಟು, ಅದರ ಮೇಲೆ ಕೂತು ಮೈ ವಾಲಿಸಿದರೆ ಪರದೆಯ ಬೈಕೂ ತಿರುಗುವಂತೆ ಮಾಡಿದರು. ಎರಡು ವರ್ಷದ ಬಳಿಕ ಬಂದ ‘ಆಫ್ಟರ್ ಬರ್ನರ್’ನಲ್ಲಿ ಯುದ್ಧವಿಮಾನದ ಸೀಟೇ ಹೊರಳುತ್ತಿತ್ತು. 1990ರಲ್ಲಿ ಒಸಾಕಾದ ಅಂತರರಾಷ್ಟ್ರೀಯ ಹೂವಿನ ಪ್ರದರ್ಶನದಲ್ಲಿ ನಾಮ್ಕೋ 28 ಮಂದಿಯನ್ನು ಒಟ್ಟಿಗೆ ಕೂರಿಸಿ, ಸುತ್ತಲೂ ಪರದೆಯಿಟ್ಟು, ಎಲ್ಲರ ಕೈಗೂ ಬಂದೂಕು ಕೊಟ್ಟಿತು. ನಂತರ 1992ರಲ್ಲಿ ಟೋಕಿಯೋದಲ್ಲಿ ತನ್ನದೇ ಪಾರ್ಕು ‘ವಂಡರ್ ಎಗ್ಸ್’ ತೆರೆಯಿತು. ಸೇಗಾ 1994ರಲ್ಲಿ ಯೊಕೊಹಾಮಾದಲ್ಲಿ, 1996ರಲ್ಲಿ ಟೋಕಿಯೋದಲ್ಲಿ ‘ಜಾಯ್‌ಪೊಲಿಸ್’ ತೆರೆಯಿತು.

ಅಲುಗಾಡುವ ಸೀಟಿನ ಗುಟ್ಟು ಸೊಗಸಾದದ್ದು. ದಸರಾ ವಸ್ತುಪ್ರದರ್ಶನಗಳಲ್ಲಿ, ಮಾಲುಗಳಲ್ಲಿ ‘5ಡಿ’, ‘7ಡಿ’ ಎಂದು ಬೋರ್ಡು ಹಾಕುವ ಪುಟ್ಟ ಥಿಯೇಟರುಗಳೆಲ್ಲ ಇದರ ಮೇಲೆಯೇ ನಿಂತಿವೆ. (ಆ ಸಂಖ್ಯೆಗೆ ಯಾವ ಲೆಕ್ಕವೂ ಇಲ್ಲ, ನೀರು ಎರಚಿದರೆ ಒಂದು, ಗಾಳಿ ಊದಿದರೆ ಇನ್ನೊಂದು ಎಂದು ಮಾಲೀಕರೇ ಕೂಡಿಸಿಕೊಳ್ಳುವುದು.) ನಿಜವಾಗಿ ಗಾಡಿ ಮುಂದಕ್ಕೆ ನುಗ್ಗಿದಾಗ ಬೆನ್ನು ಸೀಟಿಗೆ ಒತ್ತುತ್ತದೆ. ನಿಂತಲ್ಲೇ ನಿಂತ ಸೀಟನ್ನು ಮೆಲ್ಲಗೆ ಹಿಂದಕ್ಕೆ ವಾಲಿಸಿದರೂ ಬೆನ್ನು ಹಾಗೆಯೇ ಒತ್ತುತ್ತದೆ, ಒತ್ತುವುದು ಭೂಮಿಯ ಸೆಳೆತ. ಈ ಎರಡಕ್ಕೂ ಇರುವ ವ್ಯತ್ಯಾಸ ಕಿವಿಯೊಳಗಿನ ಸಮತೋಲನದ ಅಂಗಕ್ಕೆ ತಿಳಿಯುವುದಿಲ್ಲ. ಅದೇ ಗಳಿಗೆಯಲ್ಲಿ ಪರದೆಯ ಮೇಲೆ ರಸ್ತೆ ಎದುರಿಗೆ ನುಗ್ಗಿ ಬಂದರೆ ಮೆದುಳು ನಂಬಿಬಿಡುತ್ತದೆ: ನಾವು ಓಡುತ್ತಿದ್ದೇವೆ. ಬ್ರೇಕು ಹಾಕಿದಂತೆ ತೋರಿಸಬೇಕಾದರೆ ಸೀಟನ್ನು ಮುಂದಕ್ಕೆ ಬಗ್ಗಿಸಿದರೆ ಸಾಕು. ಒಂದು ಗೇಣಿನಷ್ಟೂ ಮುಂದೆ ಹೋಗದ ಸೀಟು ಬೆಟ್ಟದಿಂದ ಬೀಳಿಸುವುದು ಹೀಗೆ. ಪೈಲಟ್‌ಗಳ ತರಬೇತಿಗೆ ಬಳಸುವ, ಆರು ಕಾಲುಗಳ ಮೇಲೆ ನಿಂತು ಎಲ್ಲ ದಿಕ್ಕಿಗೂ ಆಡುವ ವೇದಿಕೆಯಿಂದ ಈ ವಿದ್ಯೆ ಬಂತು. 1987ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಶುರುವಾದ ‘ಸ್ಟಾರ್ ಟೂರ್ಸ್’ ರೈಡಿಗೆ ಡಿಸ್ನಿಯವರು ವಿಮಾನ ಸಿಮ್ಯುಲೇಟರ್ ತಯಾರಿಸುವ ಕಂಪನಿಯ ಯಂತ್ರಗಳನ್ನೇ ತರಿಸಿಕೊಂಡಿದ್ದರು. ಸೀಟಿನ ಆಟಕ್ಕೂ ಚಿತ್ರಕ್ಕೂ ತಾಳ ತಪ್ಪಿದರೆ ಕಣ್ಣು ಹೇಳುವುದೊಂದು, ಕಿವಿ ಹೇಳುವುದೊಂದು ಆಗಿ ಹೊಟ್ಟೆ ತೊಳಸುತ್ತದೆ. ಘಾಟಿ ರಸ್ತೆಯ ಬಸ್ಸಿನಲ್ಲಿ ವಾಂತಿ ಬರುವುದೂ ಇದೇ ಕಾರಣಕ್ಕೆ.

ಬಂದೂಕಿನ ಕತೆಯೂ ಕುತೂಹಲದ್ದೇ. ಪರದೆಯ ಆಟದಲ್ಲಿ ಬಂದೂಕಿನಿಂದ ಏನೂ ಹೊರಡುವುದಿಲ್ಲ, ಬಂದೂಕೇ ಕಣ್ಣು. ಹಳೆಯ ಟಿ.ವಿ. ಪರದೆಯ ಕಾಲದ ಬಾತುಕೋಳಿ ಬೇಟೆಯಂಥ ಆಟದಲ್ಲಿ ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಹಕ್ಕಿ ಇದ್ದ ಕಡೆ ಮಾತ್ರ ಬಿಳಿ ಚೌಕ ಮಿಂಚುತ್ತಿತ್ತು. ನಳಿಗೆಯೊಳಗಿನ ಬೆಳಕಿನ ಸೆನ್ಸರ್ ಆ ಬಿಳಿಯನ್ನು ಕಂಡರೆ ಗುರಿ ತಗುಲಿತು ಎಂದು ಲೆಕ್ಕ. ಕಣ್ಣಿಗೆ ಅದು ಬರೀ ಮಿಣುಕು. ಹೊಸ ಎಲ್‌ಸಿಡಿ ಪರದೆಗಳಲ್ಲಿ ಈ ಉಪಾಯ ನಡೆಯದು. ಆದ್ದರಿಂದ ಪರದೆಯ ಸುತ್ತ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳನ್ನಿಟ್ಟು, ಬಂದೂಕಿನ ಮೂತಿಗೆ ಪುಟ್ಟ ಕ್ಯಾಮೆರಾ ಇಡುತ್ತಾರೆ. ದೀಪಗಳು ಎಲ್ಲಿ ಕಾಣುತ್ತವೆ ಎನ್ನುವುದರಿಂದ ಬಂದೂಕು ಎತ್ತ ತಿರುಗಿದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ.

ರೈಡಿಗೂ ಆಟಕ್ಕೂ ಗಟ್ಟಿಯಾಗಿ ಗಂಟು ಬಿದ್ದದ್ದು 1998ರ ಹೊತ್ತಿಗೆ, ಡಿಸ್ನಿಯ ‘ಬಜ್ ಲೈಟ್‌ಇಯರ್’ ರೈಡಿನೊಂದಿಗೆ. ಕತ್ತಲ ಸುರಂಗದಲ್ಲಿ ಗಾಡಿ ಸಾಗುತ್ತದೆ, ಕೂತವರು ಗುರಿಗಳಿಗೆ ಹೊಡೆಯುತ್ತಾರೆ. 2008ರ ‘ಟಾಯ್ ಸ್ಟೋರಿ ಮೇನಿಯಾ’ದಲ್ಲಿ ಬೊಂಬೆಗಳ ಬದಲು 3ಡಿ ಪರದೆಗಳು ಬಂದವು, ಹಗ್ಗ ಎಳೆದಂತೆಲ್ಲ ಫಿರಂಗಿ ಹಾರುತ್ತದೆ, ಕಥೆಗೋ ಜಾತ್ರೆಯ ಆಟದ ಮಳಿಗೆಗಳೇ ವಸ್ತು. ಇದರ ಲಾಭ ಪಾರ್ಕಿನವರಿಗೆ ಚೆನ್ನಾಗಿ ಗೊತ್ತು: ಒಮ್ಮೆ ನೋಡಿದ ರೈಡನ್ನು ಜನ ಮತ್ತೆ ನೋಡದೆ ಇರಬಹುದು, ಸೋತ ಆಟವನ್ನು ಬಿಡುವುದಿಲ್ಲ.

2021ರ ಮಾರ್ಚ್ 18ರಂದು ಒಸಾಕಾದ ಯೂನಿವರ್ಸಲ್ ಸ್ಟುಡಿಯೋಸ್ ಒಳಗೆ ‘ಸೂಪರ್ ನಿಂಟೆಂಡೋ ವರ್ಲ್ಡ್’ ತೆರೆಯಿತು. ಅಲ್ಲಿ ಬಡಾವಣೆಗೆ ಬಡಾವಣೆಯೇ ಮಾರಿಯೋ ಆಟದೊಳಗಿನ ಊರು. ಪ್ರತ್ಯೇಕ ದುಡ್ಡು ಕೊಟ್ಟು ಕೊಂಡ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಗೋಡೆಯ ಹಳದಿ ಪೆಟ್ಟಿಗೆಗೆ ಕೆಳಗಿನಿಂದ ಗುದ್ದಿದರೆ ಟಿಣ್ ಎಂದು ನಾಣ್ಯದ ಸದ್ದಾಗಿ ಲೆಕ್ಕ ಫೋನಿಗೆ ಸೇರುತ್ತದೆ. ಮಾರಿಯೋ ಕಾರ್ಟ್ ರೈಡಿನಲ್ಲಿ ತಲೆಗೆ ಕನ್ನಡಕದ ಪಟ್ಟಿ ಹಾಕಿಕೊಂಡರೆ ನಿಜವಾದ ಸೆಟ್ಟಿನ ಮೇಲೆ ಎದುರಾಳಿಗಳು ಮೂಡಿ ಬರುತ್ತಾರೆ. ತಮಾಷೆಯೆಂದರೆ ರೇಸಿನ ಹೆಸರಿನ ಈ ರೈಡಿನ ಗಾಡಿ ಓಡುವುದು ನಿಧಾನವಾಗಿಯೇ. ವೇಗವೆಲ್ಲ ಕಣ್ಣೆದುರಿನ ಚಿತ್ರದಲ್ಲಿದೆ. ಹಾಲಿವುಡ್‌ನಲ್ಲಿ 2023ರಲ್ಲಿ, ಒರ್ಲಾಂಡೋದಲ್ಲಿ 2025ರ ಮೇ ತಿಂಗಳಲ್ಲಿ ಇದೇ ಮಾದರಿ ತೆರೆಯಿತು. ಎಲ್ಲ ಪ್ರಯೋಗಗಳೂ ಹೀಗೆ ಗೆಲ್ಲಲಿಲ್ಲ. 2016ರಲ್ಲಿ ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕು ರೋಲರ್ ಕೋಸ್ಟರಿನಲ್ಲಿ ಕೂತವರ ಮುಖಕ್ಕೆ ವಿಆರ್ ಹೆಡ್‌ಸೆಟ್ ಕಟ್ಟಿತು. ಒಬ್ಬೊಬ್ಬರಿಗೂ ಅದನ್ನು ಬಿಗಿದು, ಒರೆಸಿ, ಸರಿಮಾಡಿ ಕೊಡುವಷ್ಟರಲ್ಲಿ ಸಾಲು ಬೆಳೆಯಿತು. ಕೆಲವೇ ವರ್ಷಗಳಲ್ಲಿ ಹೆಡ್‌ಸೆಟ್ ಹೋಯಿತು, ಕೋಸ್ಟರ್ ಉಳಿಯಿತು.

ನಮ್ಮ ರಾಜ್ಯದ ದೊಡ್ಡ ಪಾರ್ಕುಗಳು ಈ ಮಟ್ಟದ ಸಾಹಸಕ್ಕೆ ಇಳಿದಿಲ್ಲ. 2005ರಲ್ಲಿ ಬಿಡದಿಯಲ್ಲಿ ತೆರೆದ ವಂಡರ್‌ಲಾ ಆಗಲಿ, ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಆಗಲಿ ಮುಖ್ಯವಾಗಿ ನೆಚ್ಚಿಕೊಂಡಿರುವುದು ನೀರಾಟ ಮತ್ತು ತಿರುಗುವ, ಬೀಳಿಸುವ ರೈಡುಗಳನ್ನು. ಅದರಲ್ಲಿ ತಪ್ಪೇನೂ ಇಲ್ಲ. ಬೇಸಿಗೆಯ ಬಿಸಿಲಿಗೆ ಅಲೆಯ ಕೊಳವೇ ಹಿತ. ಪರದೆಯ ಆಟಕ್ಕೆ ಎ.ಸಿ. ಹಾಲ್ ಬೇಕು, ಆಮದು ಯಂತ್ರ ಬೇಕು, ಎರಡು ಮೂರು ವರ್ಷಕ್ಕೊಮ್ಮೆ ಹೊಸ ಆಟ ತರಬೇಕು. ಮೈಸೂರು ಅರಮನೆಯ ಎದುರಿನ ದೊಡ್ಡಕೆರೆ ಮೈದಾನದಲ್ಲಿ ಕರ್ನಾಟಕ ವಸ್ತುಪ್ರದರ್ಶನ ಪ್ರಾಧಿಕಾರ ನಡೆಸುವ ದಸರಾ ವಸ್ತುಪ್ರದರ್ಶನದಲ್ಲೂ ಜನ ಮುತ್ತುವುದು ಜೈಂಟ್ ವೀಲ್, ಕೊಲಂಬಸ್, ಡ್ಯಾಶಿಂಗ್ ಕಾರುಗಳನ್ನು. ಗೇಮ್ ಹಾಲ್‌ಗಳು ಹೆಚ್ಚಾಗಿ ನೆಲೆಸಿರುವುದು ಮಾಲುಗಳ ಮೇಲಂತಸ್ತಿನಲ್ಲಿ.

ಈ ಹಾಲ್‌ಗಳಲ್ಲಿ ಪರದೆಯೇ ಇಲ್ಲದ ಒಂದು ಯಂತ್ರ ಎಲ್ಲಕ್ಕಿಂತ ಹೆಚ್ಚು ಸಂಪಾದಿಸಬಲ್ಲದು: ಗಾಜಿನ ಪೆಟ್ಟಿಗೆಯೊಳಗಿನ ಬೊಂಬೆಯನ್ನು ಎತ್ತುವ ಉಕ್ಕಿನ ಉಗುರು. ಉಗುರಿನ ಹಿಡಿತ ಎಷ್ಟು ಬಿಗಿ ಇರಬೇಕು, ಎಷ್ಟು ಆಟಕ್ಕೊಮ್ಮೆ ಪೂರ್ತಿ ಬಿಗಿಯಬೇಕು ಎಂಬುದನ್ನು ಬಹಳಷ್ಟು ಯಂತ್ರಗಳಲ್ಲಿ ನಡೆಸುವವರೇ ಹೊಂದಿಸಿಡಬಹುದು. ಬೊಂಬೆಯನ್ನು ಎತ್ತುವಾಗ ಗಟ್ಟಿಯಾಗಿರುವ ಉಗುರು ಮೇಲೆ ಬಂದ ಕೂಡಲೇ ಸಡಿಲವಾಗುವಂತೆಯೂ ಮಾಡಬಹುದು. ಇನ್ನೇನು ಸಿಕ್ಕೇಬಿಟ್ಟಿತ್ತು ಎನ್ನುವಾಗ ಬೊಂಬೆ ಜಾರುವುದು ಪ್ರತಿಸಲವೂ ಆಡುವವರ ಕೈತಪ್ಪಲ್ಲ. ಕೌಶಲವೋ ಅದೃಷ್ಟವೋ ಎಂದು 1995ರಲ್ಲಿ ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಇಲ್ಲಿ ಮಕ್ಕಳ ಕೈಗೆ ಬಂದಿದೆ. ನಾಣ್ಯದ ಬದಲು ಈಗ ಕಾರ್ಡು. ಕೌಂಟರಿನಲ್ಲಿ ಒಮ್ಮೆ ದುಡ್ಡು ತುಂಬಿಸಿದರೆ ಮುಂದೆ ಎಲ್ಲವೂ ಪಾಯಿಂಟು. ಒಂದು ಆಟಕ್ಕೆ ಎಷ್ಟು ರೂಪಾಯಿ ಹೋಯಿತೆಂಬುದು ಮನಸ್ಸಿಗೆ ಹತ್ತದಿರಲಿ ಎಂಬುದೇ ಈ ಏರ್ಪಾಡಿನ ಅನುಕೂಲ, ಅನುಕೂಲ ಮಾಲೀಕರದ್ದು.

ಮಿಂಚುವ ದೀಪಗಳಿಂದ ಮೂರ್ಛೆ ಬರುವ ತೊಂದರೆ ಇರುವವರು ಪರದೆಯ ಆಟದಿಂದಲೂ, ಗರ್ಭಿಣಿಯರು, ಹೃದ್ರೋಗಿಗಳು, ಕತ್ತು ಬೆನ್ನಿನ ನೋವಿನವರು ಅಲುಗಾಡುವ ಸೀಟಿನಿಂದಲೂ ದೂರ ಇರಬೇಕು. ಯಂತ್ರದ ಪಕ್ಕದ ಬೋರ್ಡಿನಲ್ಲಿ ಇದನ್ನು ಬರೆದಿರುತ್ತಾರೆ. ಆದರೆ ದೊಡ್ಡ ಅಪಾಯ ಆಟದಲ್ಲಿಲ್ಲ, ಕಟ್ಟಡದಲ್ಲಿದೆ. 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನ ಗೇಮ್ ಜೋನ್ ಒಂದಕ್ಕೆ ಬೆಂಕಿ ಬಿದ್ದು ಮಕ್ಕಳೂ ಸೇರಿ 27 ಮಂದಿ ಸತ್ತರು. ಒಳಗೆ ವೆಲ್ಡಿಂಗ್ ಕೆಲಸ ನಡೆಯುತ್ತಿತ್ತು. ಗೋ ಕಾರ್ಟ್‌ಗಳಿಗೆಂದು ಇಂಧನ ಕೂಡಿಟ್ಟಿದ್ದರು. ಬೇಸಿಗೆ ರಜೆಯ ಶನಿವಾರ, ರಿಯಾಯಿತಿ ಟಿಕೆಟ್ಟಿಗೆ ಜನ ಕಿಕ್ಕಿರಿದಿದ್ದರು. ಆ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇರಲಿಲ್ಲ. ತಗಡು, ಥರ್ಮಾಕೋಲ್, ಫೋಮು, ಬಟ್ಟೆಯ ಪರದೆಗಳಿಂದ ಕತ್ತಲು ಮಾಡಿಕೊಂಡ ಹಾಲ್‌ಗೂ ಜಾತ್ರೆಯ ತಾತ್ಕಾಲಿಕ ಥಿಯೇಟರಿಗೂ ಇದೇ ಮಾತು ಅನ್ವಯಿಸುತ್ತದೆ. ಒಳಗೆ ಹೋಗುವ ಮೊದಲು ಎರಡನೆಯ ಬಾಗಿಲು ಎಲ್ಲಿದೆ, ಅದಕ್ಕೆ ಬೀಗ ಹಾಕಿದೆಯೇ, ಜನರೇಟರಿನ ವೈರು ಜನ ತುಳಿಯುವ ದಾರಿಯಲ್ಲಿ ಹಾದಿದೆಯೇ ಎಂದು ಯಾರು ಬೇಕಾದರೂ ನೋಡಿಕೊಳ್ಳಬಹುದು.