ಮಡಿಯಿಂದ ಶುಚಿಯೆಡೆಗೆ

ಬೋಗಾದಿಯಂತಹ ಬಡಾವಣೆಗಳ ಮನೆಗಳಲ್ಲಿ ರವೆ ಇಡ್ಲಿ ಇಂದು ಅವಸರದ ಬೆಳಗಿನ ತಿಂಡಿ. ಪೊಟ್ಟಣ ಬಿಡಿಸಿ ಮೊಸರು ಕಲಸಿದರಾಯಿತು. ಆದರೆ ಅದರ ಹಿಂದಿರುವ ಪರಂಪಳ್ಳಿ ಯಜ್ಞನಾರಾಯಣ ಮಯ್ಯರನ್ನು ನೆನೆಯುವವರು ವಿರಳ. ಅಡುಗೆಯವರ ಜೀವನಚರಿತ್ರೆ ಬರೆಯುವ ರೂಢಿ ನಮ್ಮಲ್ಲಿ ಬೆಳೆಯಲೇ ಇಲ್ಲ.

ಉಡುಪಿ ಸೀಮೆಯಿಂದ ಬೆಂಗಳೂರಿಗೆ ಬಂದ ಮಯ್ಯ ಸೋದರರು ಮೊದಲು ಅನ್ಯರ ಮನೆಗಳಲ್ಲಿ ಅಡುಗೆ ಮಾಡಿದವರು. 1924ರಲ್ಲಿ ಲಾಲ್‌ಬಾಗ್ ಸಮೀಪ ‘ಬ್ರಾಹ್ಮಣರ ಕಾಫಿ ಕ್ಲಬ್’ ತೆರೆದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಕ್ಕಿಗೆ ಅಭಾವ ಉಂಟಾದಾಗ, ರವೆಯಿಂದ ಇಡ್ಲಿ ಬೇಯಿಸುವ ಪ್ರಯೋಗ ಈ ಅಡುಗೆಮನೆಯಲ್ಲಿಯೇ ನಡೆಯಿತೆಂಬುದು ಪ್ರತೀತಿ.

ಆ ಕಾಲದಲ್ಲಿ ಹೋಟೆಲಿನ ಹೆಸರಿನಲ್ಲಿದ್ದ ‘ಬ್ರಾಹ್ಮಣ’ ಎಂಬ ಪದ ಗಿರಾಕಿಗೆ ನೀಡಿದ ಭರವಸೆಯಾಗಿತ್ತು. ಅಡುಗೆ ಹೇಗಾಯಿತು ಎಂಬುದಕ್ಕಿಂತ, ಯಾರು ಮಾಡಿದರು ಎಂಬುದೇ ಮುಖ್ಯವಾಗಿತ್ತು. 1951ರಲ್ಲಿ ಮಯ್ಯರು ಯುರೋಪ್ ಪ್ರವಾಸ ಕೈಗೊಂಡು ಅಲ್ಲಿನ ಉಪಾಹಾರ ಗೃಹಗಳ ಶಿಸ್ತು, ನೈರ್ಮಲ್ಯಗಳನ್ನು ಕಣ್ಣಾರೆ ಕಂಡರು. ಮರಳಿದ ಬಳಿಕ ಪಾತ್ರೆ, ಲೋಟಗಳ ಶುಚಿತ್ವಕ್ಕೆ ಕಟ್ಟುನಿಟ್ಟಿನ ಕ್ರಮ ತಂದರು. ಗಿರಾಕಿಗಳು ಅಡುಗೆಮನೆಯನ್ನು ನೋಡಬಹುದೆಂಬುದೇ ಆ ಹೋಟೆಲಿನ ಹೆಗ್ಗಳಿಕೆಯಾಯಿತು. 1960ರಲ್ಲಿ ಅದು ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. ಹೆಸರಿನಲ್ಲಿ ಜಾತಿಯಿದ್ದ ಜಾಗಕ್ಕೆ ಊರು ಬಂದಿತು.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಗಳ ದರವನ್ನು ಇಳಿಸಿದಾಗ, ಗುಣಮಟ್ಟ ತಗ್ಗಿಸಲು ಮುಂದಿನ ತಲೆಮಾರು ಒಪ್ಪಲಿಲ್ಲ. ಹೋಟೆಲನ್ನೇ ಕೆಲಕಾಲ ಮುಚ್ಚಬೇಕಾಯಿತು. ಕೆಲಸಗಾರರ ಕೈಗೆ ಉದ್ಯೋಗ ಉಳಿಸಲು ಕೈಗೊಂಡ ಸಿದ್ಧ ಮಿಶ್ರಣಗಳ ತಯಾರಿಕೆಯೇ ದೊಡ್ಡ ಉದ್ಯಮವಾಗಿ ಬೆಳೆಯಿತು. 2007ರಲ್ಲಿ ಆ ಉದ್ಯಮ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ಹೋಟೆಲು ಕುಟುಂಬದಲ್ಲಿಯೇ ಉಳಿಯಿತು.

ಮಯ್ಯರು ಸಮಾಜ ಸುಧಾರಕರೆಂದು ಹೇಳಿಕೊಂಡವರಲ್ಲ. ಆದರೂ ಅವರ ವೃತ್ತಿಜೀವನ ಒಂದು ಮಹತ್ವದ ಪಲ್ಲಟಕ್ಕೆ ಸಾಕ್ಷಿ. ಮಡಿಯನ್ನು ನಂಬಬೇಕು, ಶುಚಿಯನ್ನು ಪರೀಕ್ಷಿಸಬಹುದು. ಮಡಿ ಹುಟ್ಟಿನಿಂದ ಬರುವಂಥದ್ದು. ಶುಚಿಯನ್ನು ಯಾರು ಬೇಕಾದರೂ ಕಲಿತು ಸಾಧಿಸಬಹುದು.

ದಲಿತರು ಬೇಯಿಸಿದರೆಂಬ ಕಾರಣಕ್ಕೆ ಶಾಲೆಯ ಬಿಸಿಯೂಟವನ್ನು ನಿರಾಕರಿಸಿದ ಘಟನೆಗಳು ಈ ಶತಮಾನದಲ್ಲಿಯೂ ನಮ್ಮ ರಾಜ್ಯದಿಂದ ವರದಿಯಾಗಿವೆ. ಕಾರ್ಖಾನೆಯ ಪೊಟ್ಟಣದೊಳಗಿನ ಹಿಟ್ಟನ್ನು ಯಾರು ಹುರಿದರೆಂದು ಕೇಳದ ನಾವು, ನಮ್ಮ ಮಕ್ಕಳಿಗೆ ಬಡಿಸುವ ಕೈಯ ಜಾತಿಯನ್ನು ಮಾತ್ರ ಕೇಳುತ್ತೇವೆ. ಅಡುಗೆಮನೆಯಲ್ಲಿ ಪರೀಕ್ಷಿಸಬೇಕಾದದ್ದು ಏನೆಂಬುದನ್ನು ಮಾವಳ್ಳಿಯ ಹೋಟೆಲು ಎಂದೋ ತೋರಿಸಿಕೊಟ್ಟಿದೆ.