ಓವನ್ ಬೇಡ, ಜೇನು ಬೇಡ: ಮಕ್ಕಳ ಡಬ್ಬಿಗೆ ಹೊಸಪೇಟೆ ಸೀಮೆಯ ಒಣ ತಿಂಡಿಗಳು

ಶಾಲೆ ಶುರುವಾಯಿತೆಂದರೆ ಪ್ರತಿ ಮನೆಯಲ್ಲೂ ಬೆಳಗಿನ ಮೊದಲ ಪ್ರಶ್ನೆ ಒಂದೇ: ಇವತ್ತು ಡಬ್ಬಿಗೆ ಏನು? ಜೈನ ಮನೆಗಳಲ್ಲಿ ಇದರ ಜೊತೆಗೆ ಇನ್ನೂ ಕೆಲವು ಪ್ರಶ್ನೆಗಳಿರುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದೆ ಮಕ್ಕಳಿಗೆ ಇಷ್ಟವಾಗುವಂಥದ್ದು ಏನಿದೆ? ಮಧ್ಯಾಹ್ನದವರೆಗೆ ಕೆಡದೆ ಉಳಿಯುವುದೆ? ಸಂಜೆ ಟ್ಯೂಷನ್ ಮುಗಿಸಿ ಬರುವಷ್ಟರಲ್ಲಿ ಸೂರ್ಯ ಮುಳುಗಿದರೆ ಮಗು ಏನು ತಿನ್ನಬೇಕು?

ಈಗ ಮೊಬೈಲ್ ತೆರೆದರೆ ಓವನ್ ಬೇಡದ ಆರೋಗ್ಯಕರ ತಿಂಡಿಗಳ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ಜೇನುತುಪ್ಪದಿಂದ ಅಂಟಿಸಿದವು ಅಥವಾ ಅಂಜೂರ ಸೇರಿಸಿದವು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯ ಸಂತೆಯಲ್ಲೇ ಸಿಗುವ ಶೇಂಗಾ, ಪುಠಾಣಿ, ಎಳ್ಳು, ಅವಲಕ್ಕಿ, ಮಂಡಕ್ಕಿ, ಬೆಲ್ಲದಿಂದ ಈ ಎರಡೂ ಇಲ್ಲದೆ ಡಬ್ಬಿ ತುಂಬಿಸುವುದು ಹೇಗೆಂದು ಇಲ್ಲಿ ವಿವರಿಸಲಾಗಿದೆ.

ಹಸಿರು ಚುಕ್ಕೆ ಇದ್ದರೆ ಸಾಕೆ?

ಅಂಗಡಿಯ ಬಾರ್, ಚಾಕೊಲೇಟ್, ಬಿಸ್ಕತ್ತು ಕೊಳ್ಳುವಾಗ ನಾವೆಲ್ಲ ನೋಡುವುದು ಹಸಿರು ಚುಕ್ಕೆಯನ್ನು. ಮೊಟ್ಟೆ, ಮಾಂಸ, ಜೆಲಾಟಿನ್ ಇಲ್ಲವೆಂದು ತಿಳಿಯಲು ಅದು ಉಪಯುಕ್ತ. ಆದರೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಮಾಂಸಾಹಾರದ ವ್ಯಾಖ್ಯೆಯಿಂದ ಹಾಲು, ಹಾಲಿನ ಉತ್ಪನ್ನಗಳ ಜೊತೆಗೆ ಜೇನು, ಜೇನುಮೇಣ ಮತ್ತು ಅರಗನ್ನೂ ಹೊರಗಿಡಲಾಗಿದೆ. ಹಾಗಾಗಿ ಜೇನು ಹಾಕಿದ ತಿಂಡಿಯ ಮೇಲೂ ಹಸಿರು ಚುಕ್ಕೆಯೇ ಇರುತ್ತದೆ. ಮಿಠಾಯಿಗೆ ಹೊಳಪು ಬರಲು ಜೇನುಮೇಣ ಬಳಸಿದ್ದರೆ 901 ಎಂದೂ, ಅರಗು ಬಳಸಿದ್ದರೆ 904 ಎಂದೂ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರಬಹುದು. ಖಾರದ ತಿಂಡಿಗಳಲ್ಲಿ ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಆಲೂಗಡ್ಡೆ ಪಿಷ್ಟ ಇರುವುದು ಸಾಮಾನ್ಯ. ಚುಕ್ಕೆಯ ಜೊತೆಗೆ ಪದಾರ್ಥಗಳ ಪಟ್ಟಿಯನ್ನೂ ಓದಬೇಕು ಎಂಬುದು ಇದಕ್ಕಾಗಿಯೇ.

ಶ್ರಾವಕರ ಅಷ್ಟ ಮೂಲಗುಣಗಳಲ್ಲಿ ಮದ್ಯ, ಮಾಂಸ, ಮಧುವಿನ ತ್ಯಾಗದೊಂದಿಗೆ ಐದು ಉದುಂಬರ ಫಲಗಳ ತ್ಯಾಗವೂ ಸೇರಿದೆ. ಅಂಜೂರ ಅತ್ತಿಯ ಜಾತಿಗೇ ಸೇರಿದ ಹಣ್ಣು. ಬಳ್ಳಾರಿ ಜಿಲ್ಲೆ ಅಂಜೂರದ ಬೆಳೆಗೆ ಹೆಸರಾದರೂ ವ್ರತ ಪಾಲಿಸುವ ಮನೆಗಳಲ್ಲಿ ಅದನ್ನು ಬಳಸುವುದಿಲ್ಲ. ಅದರ ಬದಲು ಖರ್ಜೂರ, ಒಣದ್ರಾಕ್ಷಿ ಬಳಸಬಹುದು. ಜೇನಿನ ಕೆಲಸವನ್ನು ಬೆಲ್ಲ ಮಾಡುತ್ತದೆ.

ಶೇಂಗಾ ನೆಲದೊಳಗೆ ಬೆಳೆಯುತ್ತದಲ್ಲ?

ಗಡ್ಡೆ ತಿನ್ನಬಾರದೆಂದು ಹೇಳಿಕೊಟ್ಟ ಮೇಲೆ ಚುರುಕಾದ ಮಕ್ಕಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಉತ್ತರ ಸರಳವಾಗಿದೆ. ಶೇಂಗಾ ಗಿಡದ ಹೂವು ನೆಲದ ಮೇಲೆಯೇ ಅರಳುತ್ತದೆ. ಆಮೇಲೆ ಅದರ ಬುಡದಿಂದ ಒಂದು ಎಳೆ ಕೆಳಗೆ ಬಾಗಿ ಮಣ್ಣು ಸೇರಿ, ತುದಿಯಲ್ಲಿ ಕಾಯಿ ಕಟ್ಟುತ್ತದೆ. ಹೀಗಾಗಿ ಅದು ಬೇರೂ ಅಲ್ಲ, ಗಡ್ಡೆಯೂ ಅಲ್ಲ. ತೊಗರಿ, ಕಡಲೆಯಂತೆ ಸಿಪ್ಪೆಯೊಳಗಿನ ಬೀಜ. ಹಸಿ ಶುಂಠಿ ಬಳಸದ ಮನೆಗಳಲ್ಲಿ ಒಣ ಶುಂಠಿ ಬಳಸುವುದೇಕೆ ಎಂಬುದನ್ನೂ ಇದೇ ಹೊತ್ತಿಗೆ ಹೇಳಬಹುದು. ಹಸಿ ಗಡ್ಡೆಯಲ್ಲಿ ಜೀವ ಉಳಿದಿರುತ್ತದೆ, ನೆಟ್ಟರೆ ಚಿಗುರುತ್ತದೆ. ಪೂರ್ತಿ ಒಣಗಿದ್ದು ಚಿಗುರುವುದಿಲ್ಲ.

ನಾಲ್ಕು ತಿಂಡಿಗಳು

ಇವುಗಳಿಗೆ ಓವನ್ ಬೇಡ, ಫ್ರಿಜ್ಜೂ ಬೇಡ. ಹುರಿಯುವ ಮತ್ತು ಒಗ್ಗರಣೆಯ ಕೆಲಸ ದೊಡ್ಡವರದು. ಉಂಡಿ ಕಟ್ಟುವುದು, ಕಲೆಸುವುದು ಮಕ್ಕಳದು.

1. ಶೇಂಗಾ-ಎಳ್ಳಿನ ಉಂಡಿ. ಹುರಿದು ಸಿಪ್ಪೆ ತೆಗೆದ ಶೇಂಗಾ 1 ಬಟ್ಟಲು, ಹುರಿದ ಎಳ್ಳು ಕಾಲು ಬಟ್ಟಲು, ಪುಡಿ ಬೆಲ್ಲ ಅರ್ಧ ಬಟ್ಟಲು, ಒಂದೆರಡು ಏಲಕ್ಕಿ. ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಶೇಂಗಾ ತಾನೇ ಎಣ್ಣೆ ಬಿಡುತ್ತದೆ. ಆ ಎಣ್ಣೆಯಲ್ಲೇ ಉಂಡಿ ಕಟ್ಟಬಹುದು. ಪಾಕವೂ ಬೇಡ, ನೀರೂ ಬೇಡ. ಸಣ್ಣ ನಿಂಬೆ ಗಾತ್ರದ ಸುಮಾರು 12 ಉಂಡಿಗಳಾಗುತ್ತವೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ. ಎಳ್ಳಿನಲ್ಲಿ ಸುಣ್ಣದ ಅಂಶ ಹೆಚ್ಚು.

2. ಪುಠಾಣಿ-ಕೊಬ್ಬರಿ ಉಂಡಿ. ಪುಠಾಣಿ ಹಿಟ್ಟು 1 ಬಟ್ಟಲು, ತುರಿದ ಒಣಕೊಬ್ಬರಿ ಕಾಲು ಬಟ್ಟಲು, ಪುಡಿ ಬೆಲ್ಲ ಅರ್ಧ ಬಟ್ಟಲು. ಇವನ್ನು ಕಲೆಸಿ, ಬಿಸಿ ತುಪ್ಪವನ್ನು ಚಮಚ ಚಮಚವಾಗಿ ಹಾಕುತ್ತ, ಮುಷ್ಟಿಯಲ್ಲಿ ಹಿಡಿದರೆ ನಿಲ್ಲುವ ಹದಕ್ಕೆ ಬಂದಾಗ ಕಟ್ಟಿ. ಶಾಲೆಯಲ್ಲಿ ಶೇಂಗಾ ಅಲರ್ಜಿಯ ಮಕ್ಕಳಿದ್ದರೆ ಈ ಉಂಡಿ ಒಳ್ಳೆಯದು.

3. ಅವಲಕ್ಕಿ-ಖರ್ಜೂರದ ಬಾರ್. ವಿಡಿಯೊಗಳ ಓಟ್ಸ್ ಬಾರ್‌ಗೆ ನಮ್ಮ ಬದಲಿ ಇದು. ತುಂಗಭದ್ರೆಯ ನೀರಿನಲ್ಲಿ ಕಂಪ್ಲಿ ಸುತ್ತ ಬೆಳೆಯುವುದು ಭತ್ತ. ಓಟ್ಸ್ ಹುಡುಕುವ ಅಗತ್ಯವೇ ಇಲ್ಲ. ತೆಳು ಅವಲಕ್ಕಿಯನ್ನು ಗರಿಗರಿಯಾಗಿ ಹುರಿದು ಕೈಯಲ್ಲಿ ಪುಡಿ ಮಾಡಿ 1 ಬಟ್ಟಲು ತೆಗೆದುಕೊಳ್ಳಿ. ಬೀಜ ತೆಗೆದ ಮೆತ್ತನೆ ಖರ್ಜೂರ 1 ಬಟ್ಟಲು ಅರೆದು, ತರಿತರಿ ಶೇಂಗಾ ಅರ್ಧ ಬಟ್ಟಲು, ತುಪ್ಪ 1 ಚಮಚ ಸೇರಿಸಿ ನಾದಿ. ತಟ್ಟೆಗೆ ತುಪ್ಪ ಸವರಿ ತಟ್ಟಿ, ಅರ್ಧ ಗಂಟೆ ಬಿಟ್ಟು ಕತ್ತರಿಸಿ. ಖರ್ಜೂರವನ್ನು ಒಂದೊಂದಾಗಿ ಬಿಡಿಸಿ ಒಳಗೆ ನೋಡಿಯೇ ಬಳಸಬೇಕು. ಹುಳುವಿದ್ದರೆ ಹೊರಗಿನಿಂದ ಕಾಣುವುದಿಲ್ಲ.

4. ಈರುಳ್ಳಿ ಇಲ್ಲದ ಒಗ್ಗರಣೆ ಮಂಡಕ್ಕಿ. ನಮ್ಮ ಸೀಮೆಯಲ್ಲಿ ಒಗ್ಗರಣೆ-ಮಿರ್ಚಿ ಎಂದರೆ ಬೇಡವೆನ್ನುವ ಮಗು ಅಪರೂಪ. ಮಂಡಕ್ಕಿಯನ್ನು ಸೋಸಿದ ನೀರಿನಲ್ಲಿ ಅದ್ದಿ ತಕ್ಷಣ ಹಿಂಡಿ. ಸಾಸಿವೆ, ಜೀರಿಗೆ, ಶೇಂಗಾ, ಕರಿಬೇವು, ಅರಿಸಿನದ ಒಗ್ಗರಣೆ ಕೊಟ್ಟು ಪುಠಾಣಿ ಪುಡಿ, ಉಪ್ಪು, ನಿಂಬೆರಸ ಬೆರೆಸಿ. ಈರುಳ್ಳಿಯ ಕೊರತೆ ಕಾಣದಂತೆ ಮಾಡುವುದು ನಿಂಬೆ ಮತ್ತು ಪುಠಾಣಿ. ಇದು ಬೆಳಗಿನ ಬಿಡುವಿಗೆ ಸರಿ, ಸಂಜೆಯವರೆಗೆ ಇಡಬೇಡಿ. ಸಂಜೆಗಾದರೆ ನೀರು ಮುಟ್ಟಿಸದೆ ಹುರಿದ ಖಾರ ಮಂಡಕ್ಕಿ ಕಳಿಸಿ.

ಇವುಗಳ ಜೊತೆಗೆ ಒಂದು ಬಾಳೆಹಣ್ಣು. ಹೊಸಪೇಟೆ, ಕಮಲಾಪುರದ ತೋಟಗಳ ಬಾಳೆ ವರ್ಷವಿಡೀ ಸಿಗುತ್ತದೆ. ಕತ್ತರಿಸದೆ ಇಡಿಯಾಗಿಯೇ ಕೊಟ್ಟರೆ ಕಪ್ಪಾಗುವುದಿಲ್ಲ. ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವದ ದಿನಗಳಲ್ಲಿ ಹಸಿರು ಬಿಡುವ ಮನೆಗಳಿಗೆ ಮೊದಲ ಮೂರು ತಿಂಡಿಗಳು ಹೊಂದುತ್ತವೆ.

ಎಷ್ಟು ದಿನ ಇಡಬಹುದು?

ದಿಗಂಬರ ಸಂಪ್ರದಾಯದಲ್ಲಿ ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ನೀರು ಸೇರದ ಉಂಡಿಗೂ ಇದೇ ಲೆಕ್ಕ ಹಿಡಿಯುವ ವಾಡಿಕೆ ಇದೆ. ಇಡೀ ಕಾಳಿಗಿಂತ ಪುಡಿ ಮಾಡಿದ್ದಕ್ಕೆ ಗಾಳಿ ಮತ್ತು ತೇವ ಬೇಗ ತಾಗುತ್ತವೆ. ಎಣ್ಣೆ ಕಮಟು ವಾಸನೆ ಹಿಡಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಊರುಗಳಲ್ಲಿ ಹಿರಿಯರ ಈ ಲೆಕ್ಕ ಆರೋಗ್ಯಕ್ಕೂ ಒಳ್ಳೆಯದು. ತಿಂಗಳಿಗಾಗುವಷ್ಟು ಮಾಡಿಡುವುದಕ್ಕಿಂತ ವಾರಕ್ಕೊಮ್ಮೆ, ಮಳೆಗಾಲದಲ್ಲಿ ಎರಡು ಸಲ, 12 ಉಂಡಿ ಕಟ್ಟುವುದೇ ಸರಿ.

ಶೇಂಗಾ ಆರಿಸುವಾಗ ಸುಕ್ಕುಗಟ್ಟಿದ, ಕಪ್ಪಾದ, ಬೂಸ್ಟು ಹಿಡಿದ ಕಾಳುಗಳನ್ನು ತೆಗೆದುಹಾಕಿ. ಅಂಥ ಬೂಸ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಅಜ್ಜಿಯಂದಿರು ಮೊರದಲ್ಲಿ ಕಾಳು ಶೋಧಿಸುತ್ತಿದ್ದುದರಿಂದ ಜೀವದಯೆಯೂ ಪಾಲನೆಯಾಗುತ್ತಿತ್ತು, ಮಕ್ಕಳ ಹೊಟ್ಟೆಯೂ ಕಾಪಾಡಲ್ಪಡುತ್ತಿತ್ತು.

ಮೊಸರವಲಕ್ಕಿ ಕಳಿಸುವವರು ದ್ವಿದಳದ ನಿಯಮ ಮರೆಯಬಾರದು. ಅದರ ಒಗ್ಗರಣೆಗೆ ಕಡಲೆಬೇಳೆ, ಉದ್ದಿನಬೇಳೆ ಹಾಕದೆ ಸಾಸಿವೆ, ಜೀರಿಗೆ, ಕರಿಬೇವಿನಲ್ಲೇ ಮುಗಿಸಿ. ಪುಠಾಣಿ ಚಟ್ನಿಪುಡಿಯನ್ನೂ ಅದರ ಜೊತೆಗೆ ಇಡಬೇಡಿ.

ಬೆಲ್ಲ ಎಷ್ಟು?

ಬೆಲ್ಲ ಸಕ್ಕರೆಗಿಂತ ಒಳ್ಳೆಯದೆಂದು ಎರಡು ಪಟ್ಟು ಹಾಕುವವರಿದ್ದಾರೆ. ದೇಹಕ್ಕೆ ಬೆಲ್ಲವೂ ಸಕ್ಕರೆಯೇ. ದಿನದ ಒಟ್ಟು ಶಕ್ತಿಯಲ್ಲಿ ಇಂಥ ಸಿಹಿಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ನೀಡಿದೆ. ಮೇಲಿನ ಅಳತೆಯಲ್ಲಿ ಒಂದು ಉಂಡಿಗೆ 6-7 ಗ್ರಾಂ ಬೆಲ್ಲ ಬರುತ್ತದೆ; ದಿನಕ್ಕೆ ಒಂದೋ ಎರಡೋ ಸಾಕು. 4 ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಚೆನ್ನಾಗಿ ಪುಡಿ ಮಾಡಿಯೇ ಕೊಡಿ.

ಸಂಜೆಯ ಎರಡನೇ ಡಬ್ಬಿ

ಕಂಪ್ಲಿ ಅಥವಾ ಸಂಡೂರಿನಿಂದ ಹೊಸಪೇಟೆಗೆ ಬಸ್ಸಿನಲ್ಲಿ ಬಂದು ಓದುವ, ಟ್ಯೂಷನ್ ಮುಗಿಸಿ ಹಿಂತಿರುಗುವ ಮಕ್ಕಳಿಗೆ ನಿಜವಾದ ಕಷ್ಟ ಸಂಜೆಯದು. ಡಿಸೆಂಬರ್ ಮೊದಲ ವಾರಗಳಲ್ಲಿ ನಮ್ಮಲ್ಲಿ ಸಂಜೆ 6ಕ್ಕೂ ಮೊದಲೇ ಸೂರ್ಯಾಸ್ತವಾಗುತ್ತದೆ. ಮಗು ಮನೆ ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆಗ ಒಂದೋ ನಿಯಮ ತಪ್ಪುತ್ತದೆ, ಇಲ್ಲವೇ ಮಗು ಹಸಿದೇ ಮಲಗುತ್ತದೆ. ಬೆಳೆಯುವ ಮಗುವಿಗೆ ಎರಡೂ ಬೇಡ. ಬ್ಯಾಗಿನಲ್ಲಿ ಇನ್ನೊಂದು ಸಣ್ಣ ಡಬ್ಬಿ ಇಡಿ: ಒಂದು ಉಂಡಿ, ಒಂದು ಮುಷ್ಟಿ ಖಾರ ಮಂಡಕ್ಕಿ, ಒಂದು ಬಾಳೆಹಣ್ಣು, ಸೋಸಿದ ನೀರು. 5 ಗಂಟೆಗೆ ತಿನ್ನಬೇಕೆಂದು ಹೇಳಿಡಿ. ಇದು ಊಟಕ್ಕೆ ಬದಲಿಯಲ್ಲ; ಆದರೆ ಮಗು ಬರಿಹೊಟ್ಟೆಯಲ್ಲಿ ಇರುವುದು ತಪ್ಪುತ್ತದೆ.

ಹಂಪಿ ಪ್ರವಾಸಕ್ಕೂ ಇದೇ ಡಬ್ಬಿ

ಶಾಲಾ ಪ್ರವಾಸಕ್ಕೆ ಹಂಪಿಗೆ ಬರುವ ಮಕ್ಕಳು ಕಮಲಾಪುರ-ಕಂಪ್ಲಿ ರಸ್ತೆ ಬದಿಯ ಗಾಣಗಿತ್ತಿ ಬಸದಿಯನ್ನು ನೋಡಲಿ. ಇಮ್ಮಡಿ ಹರಿಹರನ ಕಾಲದಲ್ಲಿ, 1385ರಲ್ಲಿ, ಇರುಗಪ್ಪ ದಂಡನಾಯಕ ಕುಂಥುನಾಥ ತೀರ್ಥಂಕರರಿಗಾಗಿ ಕಟ್ಟಿಸಿದ ಬಸದಿ ಅದು. ಎದುರಿನ ಕಂಬದ ಮೇಲೆ ಶಾಸನವಿದೆ. ಬಂಡೆಗಳ ನಡುವಿನ ಬಿಸಿಲಿನಲ್ಲಿ ಅಲೆಯುವಾಗ ಕೆಡದ ಒಣ ತಿಂಡಿಯೇ ಅನುಕೂಲ. ತಿಂದ ಜಾಗದಲ್ಲಿ ಪುಡಿ ಚೆಲ್ಲದಂತೆ ಮಕ್ಕಳಿಗೆ ಹೇಳಿ. ಚೆಲ್ಲಿದ ಬೆಲ್ಲಕ್ಕೆ ಇರುವೆ ಬರುತ್ತದೆ, ಇರುವೆಯ ಮೇಲೆ ಕಾಲು ಬೀಳುತ್ತದೆ.

ಕೊನೆಯದಾಗಿ ಒಂದು ಮಾತು. ಶಾಲೆಯಲ್ಲಿ ಮಕ್ಕಳು ಡಬ್ಬಿ ಹಂಚಿಕೊಂಡೇ ತಿನ್ನುತ್ತಾರೆ. “ನಾನು ತಿನ್ನುವುದಿಲ್ಲ” ಎಂದಷ್ಟೇ ಹೇಳಿದರೆ ಮಗು ಒಂಟಿಯಾಗುತ್ತದೆ. “ಇದು ಬೇಡ ಕಣೋ, ನಮ್ಮನೇಲಿ ನಾನೇ ಕಟ್ಟಿದ ಉಂಡಿ ಇದೆ, ತಗೋ” ಎಂದು ಹೇಳುವಂತಾದರೆ ಗೆಳೆತನವೂ ಉಳಿಯುತ್ತದೆ, ನಿಯಮವೂ ಉಳಿಯುತ್ತದೆ. ಅದಕ್ಕಾಗಿ ಡಬ್ಬಿಯಲ್ಲಿ ಯಾವಾಗಲೂ ಒಂದೆರಡು ಉಂಡಿ ಹೆಚ್ಚಿಗೆ ಇಡಿ.