ಉದ್ಯಾನದ ಆಟಗಳೂ ಭೌತವಿಜ್ಞಾನದ ನಿಯಮಗಳೂ

ಭೌತವಿಜ್ಞಾನದ ಪ್ರಯೋಗಶಾಲೆಯೆಂದರೆ ನಾಲ್ಕು ಗೋಡೆಗಳ ನಡುವಣ ಕೊಠಡಿಯೆಂದೇ ವಿದ್ಯಾರ್ಥಿಗಳು ಭಾವಿಸುವುದುಂಟು. ಆದರೆ ಲೋಲಕ, ಸನ್ನೆ, ಇಳಿಜಾರು, ಚಕ್ರ ಇವೆಲ್ಲವೂ ಪ್ರಯೋಗಶಾಲೆಗಿಂತ ದೊಡ್ಡ ಪ್ರಮಾಣದಲ್ಲಿ, ಯಾವ ಶುಲ್ಕವೂ ಇಲ್ಲದೆ ದೊರೆಯುವ ಸ್ಥಳವೊಂದಿದೆ. ಅದು ಮಕ್ಕಳ ಆಟದ ಉದ್ಯಾನ. ಉಡುಪಿಯ ಅಜ್ಜರಕಾಡಿನ ಭುಜಂಗ ಪಾರ್ಕ್, ಮಣಿಪಾಲದ ಮಣ್ಣಪಳ್ಳದ ಕೆರೆದಂಡೆ ಮತ್ತು ಎಂಡ್ ಪಾಯಿಂಟ್, ಕಾಪುವಿನ ದೀಪಸ್ತಂಭದ ಬಳಿಯ ಕಡಲತೀರ, ಕಾರ್ಕಳದ ಆನೆಕೆರೆಯ ಪರಿಸರ, ಇವು ನಮ್ಮ ಜಿಲ್ಲೆಯ ಜನ ಮನೆಮಂದಿಯೊಡನೆ ಹೋಗಿ ಬರುವ ತಾಣಗಳು. ಇಂತಹ ಕಡೆ ಮಕ್ಕಳು ಆಡುವ ಆಟಗಳಲ್ಲಿ ಯಾವ ನಿಯಮಗಳು ಕೆಲಸ ಮಾಡುತ್ತವೆ? ಆ ನಿಯಮಗಳನ್ನು ಅರಿತು ಕಟ್ಟಿದ ಉದ್ಯಾನಕ್ಕೂ ಅರಿಯದೆ ಕಟ್ಟಿದ ಉದ್ಯಾನಕ್ಕೂ ಏನು ಅಂತರ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ. ಎರಡನೆಯ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಒಂದು ಮಗು ಕ್ಷೇಮವಾಗಿ ಆಡಿ ಮನೆಗೆ ಮರಳುವುದೂ, ಇನ್ನೊಂದು ಮಗು ಆಟದ ಬಳಿಗೆ ಬರಲು ಸಾಧ್ಯವಾಗುವುದೂ ಅದರ ಉತ್ತರವನ್ನೇ ಅವಲಂಬಿಸಿವೆ.

ಉಯ್ಯಾಲೆಯೆಂಬ ಲೋಲಕ

ಉಯ್ಯಾಲೆಯು ಒಂದು ಲೋಲಕವೇ ಸರಿ. ಅದು ಒಮ್ಮೆ ಹೋಗಿ ಮರಳಿ ಬರಲು ಹಿಡಿಯುವ ಕಾಲಕ್ಕೆ ಆವರ್ತಕಾಲವೆಂದು ಹೆಸರು. ತೂಗು ಚಿಕ್ಕದಾಗಿರುವಾಗ ಈ ಕಾಲವು ಸರಪಳಿಯ ಉದ್ದವನ್ನೂ ಭೂಮಿಯ ಗುರುತ್ವವನ್ನೂ ಮಾತ್ರ ಅವಲಂಬಿಸುತ್ತದೆ. ಕುಳಿತವರ ತೂಕಕ್ಕೆ ಇಲ್ಲಿ ಸ್ಥಾನವೇ ಇಲ್ಲ. 2 ಮೀಟರ್ ಉದ್ದದ ಉಯ್ಯಾಲೆಯ ಆವರ್ತಕಾಲ ಸುಮಾರು 2.8 ಸೆಕೆಂಡು. ಅದರಲ್ಲಿ 20 ಕಿಲೋಗ್ರಾಂ ತೂಕದ ಬಾಲಕ ಕುಳಿತರೂ 60 ಕಿಲೋಗ್ರಾಂ ತೂಕದ ತಂದೆ ಕುಳಿತರೂ ಹತ್ತು ತೂಗುಗಳಿಗೆ ಹೆಚ್ಚು ಕಡಮೆ ಒಂದೇ ಕಾಲ ಹಿಡಿಯುತ್ತದೆ. ಆವರ್ತಕಾಲ ಇಮ್ಮಡಿಯಾಗಬೇಕಾದರೆ ಉದ್ದವು ನಾಲ್ಕು ಪಟ್ಟು, ಅಂದರೆ 8 ಮೀಟರ್ ಆಗಬೇಕು. ಲೋಲಕದ ಈ ಗುಣವನ್ನು ಗೆಲಿಲಿಯೊ ಗುರುತಿಸಿದನು. ಹೈಗೆನ್ಸನು 1656ರಲ್ಲಿ ಅದನ್ನೇ ಆಧಾರವಾಗಿಟ್ಟುಕೊಂಡು ಲೋಲಕದ ಗಡಿಯಾರವನ್ನು ರಚಿಸಿದನು.

ಉಯ್ಯಾಲೆಯನ್ನು ನೂಕುವವರು ಬಲಶಾಲಿಗಳಾಗಿರಬೇಕಾಗಿಲ್ಲ. ಅದು ಹಿಂದಕ್ಕೆ ಬಂದು ಮುಂದಕ್ಕೆ ಹೊರಡುವ ಕ್ಷಣಕ್ಕೆ ಸರಿಯಾಗಿ ಪ್ರತಿಸಲವೂ ಮೆಲ್ಲನೆ ನೂಕಿದರೆ ಸಾಕು. ಪ್ರತಿಯೊಂದು ನೂಕೂ ಹಿಂದಿನದಕ್ಕೆ ಕೂಡಿಕೊಂಡು ತೂಗು ದೊಡ್ಡದಾಗುತ್ತದೆ. ಇದಕ್ಕೆ ಅನುರಣನವೆನ್ನುತ್ತಾರೆ. ನೂಕುವ ಕಾಲ ತಪ್ಪಿತೆಂದರೆ ಎಷ್ಟು ಬಲ ಹಾಕಿದರೂ ಉಯ್ಯಾಲೆ ನಿಂತೇಹೋಗುವುದು.

ನೂಕುವವರಿಲ್ಲದೆಯೂ ಮಕ್ಕಳು ತೂಗಿಕೊಳ್ಳುತ್ತಾರಲ್ಲವೆ? ನಿಂತು ತೂಗುವ ಹುಡುಗನನ್ನು ಗಮನಿಸಿರಿ. ಎರಡು ತುದಿಗಳಲ್ಲಿ ಆತ ಮೊಣಕಾಲು ಮಡಚಿ ಕುಗ್ಗುತ್ತಾನೆ. ನಡುವಿನ ಕೆಳಬಿಂದುವಿಗೆ ಬಂದಾಗ ನೆಟ್ಟಗೆ ನಿಲ್ಲುತ್ತಾನೆ. ಕೆಳಬಿಂದುವಿನಲ್ಲಿ ವೇಗ ಹೆಚ್ಚು. ದೇಹವನ್ನು ಮೇಲೆತ್ತಲು ಅಲ್ಲಿ ಹೆಚ್ಚಿನ ಕೆಲಸ ಮಾಡಬೇಕಾಗುತ್ತದೆ. ತುದಿಯಲ್ಲಿ ಕುಗ್ಗುವಾಗ ಅಷ್ಟು ಶಕ್ತಿ ಹಿಂದಿರುಗುವುದಿಲ್ಲ. ಉಳಿದ ಶಕ್ತಿಯೇ ತೂಗಿಗೆ ಸೇರುತ್ತದೆ. ಕುಳಿತು ತೂಗುವವರು ಕಾಲನ್ನೂ ಬೆನ್ನನ್ನೂ ಚಾಚಿ ಮಡಚಿ ಇದೇ ಫಲವನ್ನು ಬೇರೊಂದು ಬಗೆಯಿಂದ ಪಡೆಯುತ್ತಾರೆ. ಆದುದರಿಂದ ಕಾಲುಗಳಲ್ಲಿ ಶಕ್ತಿಯಿಲ್ಲದ ಮಗುವಿಗೆ ತಾನಾಗಿ ತೂಗಿಕೊಳ್ಳುವುದು ಕಷ್ಟ; ಆದರೆ ಬೆನ್ನಿಗೆ ಒರಗುವ, ಸೊಂಟಕ್ಕೆ ಪಟ್ಟಿಯಿರುವ ಆಸನವೊಂದಿದ್ದರೆ, ಪುಟ್ಟ ತಂಗಿಯ ಕೈಯ ನೂಕೂ ಅದನ್ನು ಎತ್ತರಕ್ಕೆ ಒಯ್ಯಬಲ್ಲದು. ಅನುರಣನದ ಔದಾರ್ಯವಿದು.

ಸರಪಳಿಯ ಮೇಲಿನ ಭಾರ

30 ಕಿಲೋಗ್ರಾಂ ತೂಕದ ಮಗು ಕುಳಿತಾಗ ಸರಪಳಿಗಳು 30 ಕಿಲೋಗ್ರಾಂ ಭಾರ ತಡೆದರೆ ಸಾಕೆಂಬುದು ಸಾಮಾನ್ಯ ಎಣಿಕೆ. ಉಯ್ಯಾಲೆ ಅಲುಗದೆ ನಿಂತಿರುವಾಗ ಅದು ನಿಜ. ತೂಗುವಾಗ, ದೇಹವನ್ನು ವೃತ್ತದ ಕಂಸದಲ್ಲಿ ತಿರುಗಿಸಲು ಬೇಕಾದ ಕೇಂದ್ರಾಭಿಮುಖ ಬಲವನ್ನೂ ಸರಪಳಿಯೇ ಒದಗಿಸಬೇಕು. ಲಂಬದಿಂದ 60 ಡಿಗ್ರಿಯವರೆಗೆ ತೂಗಿದರೆ ಕೆಳಬಿಂದುವಿನಲ್ಲಿ ಸರಪಳಿಗಳ ಮೇಲಿನ ಎಳೆತ ತೂಕದ ಎರಡರಷ್ಟು. 90 ಡಿಗ್ರಿಯವರೆಗೆ ಹೋದರೆ ಮೂರರಷ್ಟು. ಮಗುವಿನ ತೂಕ 30 ಆದರೂ ಕೊಂಡಿಗಳು 90 ಕಿಲೋಗ್ರಾಂ ಭಾರವನ್ನು ಸಂಜೆಯೊಂದರಲ್ಲಿಯೇ ನೂರಾರು ಸಲ ತಾಳಬೇಕಾದೀತು.

ಕರಾವಳಿಯಲ್ಲಿ ಇನ್ನೊಂದು ತೊಡಕುಂಟು. ಕಡಲ ಗಾಳಿ ಉಪ್ಪಿನ ಸೂಕ್ಷ್ಮಕಣಗಳನ್ನು ಹೊತ್ತು ತರುತ್ತದೆ. ಉಪ್ಪು ತೇವವನ್ನು ಹೀರಿಕೊಂಡು ಕಬ್ಬಿಣದ ಮೇಲೆ ವಿದ್ಯುದ್ವಾಹಕವಾದ ತೆಳುಪೊರೆಯೊಂದನ್ನು ಉಂಟುಮಾಡುತ್ತದೆ; ತುಕ್ಕು ಹಿಡಿಯುವುದು ವಿದ್ಯುದ್ರಾಸಾಯನಿಕ ಕ್ರಿಯೆಯಾದುದರಿಂದ ಅದು ಇಲ್ಲಿ ಬೇಗ ಸಾಗುತ್ತದೆ. ಸರಪಳಿಯ ಕೊಂಡಿಗಳು ಒಂದಕ್ಕೊಂದು ಉಜ್ಜುವ ಸ್ಥಳದಲ್ಲಿ ಬಣ್ಣವೂ ಸತುವಿನ ಲೇಪವೂ ಸವೆದುಹೋಗಿರುತ್ತವೆ. ಎಳೆತ ಹೆಚ್ಚಾಗಿರುವುದೂ ಅಲ್ಲಿಯೇ, ತುಕ್ಕು ತಾಗುವುದೂ ಅಲ್ಲಿಯೇ. ಬಣ್ಣ ಬಳಿದ ಕಂಬ ಹೊಳೆಯುತ್ತಿದೆಯೆಂದು ತೃಪ್ತರಾಗದೆ ಮೇಲಿನ ಕೊಂಡಿಯನ್ನು ನೋಡುವುದು ಜಾಣತನ.

ಜಾರುಬಂಡೆಯೂ ನೆಲವೂ

2 ಮೀಟರ್ ಎತ್ತರದಿಂದ 30 ಡಿಗ್ರಿಯ ಇಳಿಜಾರಿನಲ್ಲಿ ಇಳಿಯುವ ಜಾರುಬಂಡೆಯ ಉದ್ದ 4 ಮೀಟರ್. ಘರ್ಷಣೆಯೇ ಇಲ್ಲದಿದ್ದರೆ ಕೆಳಗೆ ತಲಪಿದ ಮಗುವಿನ ವೇಗ ಸೆಕೆಂಡಿಗೆ 6.3 ಮೀಟರ್ ಆಗುತ್ತಿತ್ತು. ಇದು 2 ಮೀಟರ್ ಎತ್ತರದಿಂದ ನೇರವಾಗಿ ಬಿದ್ದವನ ವೇಗವೇ. ಬಟ್ಟೆಗೂ ಹಲಗೆಗೂ ನಡುವಿನ ಘರ್ಷಣಾಂಕ 0.4 ಎಂದಿಟ್ಟುಕೊಂಡರೆ ಈ ವೇಗ ಸುಮಾರು 3.5 ಮೀಟರಿಗೆ ಇಳಿಯುತ್ತದೆ. ಜಾರುವ ಸುಖವನ್ನು ಕೊಡುವುದು ಇಳಿಜಾರು, ಕಾಯುವುದು ಘರ್ಷಣೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ನೀರೂ ಪಾಚಿಯೂ ಸೇರಿ ಘರ್ಷಣೆಯನ್ನು ಕಡಮೆ ಮಾಡುತ್ತವೆ. ಆಗ ಅದೇ ಜಾರುಬಂಡೆಯ ನಡತೆ ಬೇರೆಯಾಗುತ್ತದೆ. ಮೆಟ್ಟಿಲುಗಳೂ ಕಾಲುದಾರಿಗಳೂ ಇದಕ್ಕೆ ಹೊರತಲ್ಲ.

ಬೇಸಗೆಯ ತೊಂದರೆ ಮತ್ತೊಂದು ಬಗೆಯದು. ಉಡುಪಿಯು ಉತ್ತರ ಅಕ್ಷಾಂಶ 13 ಡಿಗ್ರಿಯ ಸಮೀಪದಲ್ಲಿರುವುದರಿಂದ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಶಾಲೆಗಳಿಗೆ ಬೇಸಗೆ ರಜೆ ಇರುವ ಕಾಲವೂ ಅದೇ. ಜಾರುಬಂಡೆಯನ್ನು ಯಾವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದರೂ ಆಗ ಬಿಸಿಲು ತಪ್ಪದು. ಬಿಸಿಲಿನಲ್ಲಿದ್ದ ಉಕ್ಕು ಶಾಖವನ್ನು ಒಳಗಿನಿಂದ ಬೇಗ ಒದಗಿಸುವ ಉತ್ತಮ ವಾಹಕ. ಅಷ್ಟೇ ಉಷ್ಣತೆಯ ಮರಕ್ಕಿಂತ ಅದು ಚರ್ಮವನ್ನು ಹೆಚ್ಚು ಸುಡುತ್ತದೆ. ಇದಕ್ಕೆ ಒಳ್ಳೆಯ ಪರಿಹಾರ ಮರದ ನೆರಳು. ಆಟದ ಸ್ಥಳದ ಹಳೆಯ ಮರವನ್ನು ಉಳಿಸಿಕೊಳ್ಳುವುದು ಅಲಂಕಾರಕ್ಕಾಗಿ ಅಲ್ಲ.

ಇನ್ನು ಬೀಳುವ ಮಾತು. ಮಕ್ಕಳು ಬೀಳದೆ ಇರುವ ಉದ್ಯಾನವನ್ನು ಯಾರೂ ಕಟ್ಟಲಾರರು. ಬಿದ್ದರೂ ಏಟು ತಾಗದ ನೆಲವನ್ನು ಸಿದ್ಧಪಡಿಸಬಹುದು. 2 ಮೀಟರ್ ಎತ್ತರದಿಂದ ಬಿದ್ದ ಮಗು ನೆಲ ಮುಟ್ಟುವಾಗ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದಲ್ಲಿರುತ್ತದೆ. ಈ ವೇಗವು ಶೂನ್ಯಕ್ಕೆ ಇಳಿಯುವುದು ಎಷ್ಟು ದೂರದಲ್ಲಿ ಎಂಬುದೇ ಮುಖ್ಯ ಪ್ರಶ್ನೆ. ಸಿಮೆಂಟಿನ ನೆಲದ ಮೇಲೆ ಒಂದು ಸೆಂಟಿಮೀಟರಿನಲ್ಲಿ ನಿಂತರೆ ಸರಾಸರಿ ಅವವೇಗ ಗುರುತ್ವವೇಗೋತ್ಕರ್ಷದ 200 ಪಟ್ಟು. ಸಡಿಲವಾದ ಮರಳಿನಲ್ಲಿ 20 ಸೆಂಟಿಮೀಟರ್ ಹೂತು ನಿಂತರೆ ಕೇವಲ 10 ಪಟ್ಟು. ನಮ್ಮಲ್ಲಿ ಹೇರಳವಾಗಿರುವ ಮುರಕಲ್ಲಿನ ನೆಲವು ಗಾಳಿಗೆ ಒಡ್ಡಿದಷ್ಟೂ ಗಡುಸಾಗುತ್ತದೆ. ಆದುದರಿಂದ ಉಯ್ಯಾಲೆಯ ಮತ್ತು ಜಾರುಬಂಡೆಯ ಕೆಳಗೆ ಮರಳು ಹಾಕಬೇಕು. ಹಾಕಿ ಮರೆತರೂ ಸಾಲದು. ತುಳಿತಕ್ಕೂ ಮಳೆಗೂ ಸಿಕ್ಕಿ ಅದು ಗಟ್ಟಿಯಾಗುವುದರಿಂದ ಆಗಾಗ ಕೆದಕಿ ಸಡಿಲಗೊಳಿಸಬೇಕು.

ತೂಗುಹಲಗೆ ಮತ್ತು ತಿರುಗುಮಣೆ

ಹಿಂದೆ ಗದ್ದೆಗಳಿಗೆ ನೀರೆತ್ತುತ್ತಿದ್ದ ಏತವೂ ಇಬ್ಬರು ಮಕ್ಕಳು ಎದುರುಬದುರು ಕುಳಿತು ಏರಿಳಿಯುವ ತೂಗುಹಲಗೆಯೂ ಒಂದೇ ಸನ್ನೆಯ ಎರಡು ರೂಪಗಳು. ಭಾರವನ್ನು ಆಧಾರಬಿಂದುವಿನಿಂದ ಅದಕ್ಕಿರುವ ದೂರದಿಂದ ಗುಣಿಸಿದಾಗ ಎರಡು ಕಡೆಯೂ ಸಮನಾಗಬೇಕು. 60 ಕಿಲೋಗ್ರಾಂ ತೂಕದ ತಂದೆ ನಡುವಿನಿಂದ ಅರ್ಧ ಮೀಟರ್ ದೂರದಲ್ಲಿ ಕುಳಿತರೆ 20 ಕಿಲೋಗ್ರಾಂ ತೂಕದ ಮಗಳು ಒಂದೂವರೆ ಮೀಟರ್ ದೂರದಿಂದ ಆತನನ್ನು ಮೇಲೆತ್ತಬಲ್ಲಳು.

ತಿರುಗುಮಣೆಯಲ್ಲಿ ಅಂಚಿಗೆ ಕುಳಿತವರಿಗೆ ಹೊರಕ್ಕೆ ಎಸೆದಂತಾಗುವುದೇಕೆ? ಒಂದೂವರೆ ಮೀಟರ್ ತ್ರಿಜ್ಯದ ಮಣೆ 4 ಸೆಕೆಂಡಿಗೊಮ್ಮೆ ಸುತ್ತಿದರೆ, ಅಂಚಿನಲ್ಲಿರುವ ಮಗುವನ್ನು ವೃತ್ತದಲ್ಲಿ ಹಿಡಿದಿಡಲು ಅದರ ತೂಕದ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚಿನ ಬಲ ಬೇಕು. ಅರ್ಧ ದೂರಕ್ಕೆ ಸರಿದರೆ ಅರ್ಧ ಬಲ ಸಾಕು. ಆದರೆ ಎಲ್ಲರೂ ಒಮ್ಮೆಗೇ ಒಳಕ್ಕೆ ಸರಿದರೆ ಕೋನೀಯ ಸಂವೇಗ ಉಳಿದುಕೊಳ್ಳಬೇಕಾಗಿರುವುದರಿಂದ ಮಣೆಯ ವೇಗ ಹೆಚ್ಚುತ್ತದೆ. ಇದನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಕಾಲೇಜಿನ ವಿದ್ಯಾರ್ಥಿಗಳು ಕಾರಣವನ್ನು ವಿವರಿಸಬಲ್ಲವರಾಗಬೇಕು.

ಇಳಿಜಾರಿನ ಲೆಕ್ಕ

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ನಿಂತ ಗೊಮ್ಮಟನ ಎತ್ತರ 42 ಅಡಿ. ಅಷ್ಟು ದೊಡ್ಡ ವಿಗ್ರಹವನ್ನು ಬಂಡಿಯ ಮೇಲಿಟ್ಟು ಎಳೆದು ಬೆಟ್ಟಕ್ಕೆ ಏರಿಸಿದರೆಂದು ಪ್ರತೀತಿ. ಇಳಿಜಾರಿನ ಉಪಯೋಗವೇ ಇದು: ನೇರವಾಗಿ ಎತ್ತಲಾಗದ ಭಾರವನ್ನು ದಾರಿ ಉದ್ದವಾದರೂ ಕಡಮೆ ಬಲದಿಂದ ಮೇಲಕ್ಕೆ ತರಬಹುದು. ಇದೇ ತತ್ತ್ವ ಗಾಲಿಕುರ್ಚಿಯಲ್ಲಿ ಕುಳಿತವರಿಗೂ, ಎಳೆಮಗುವಿನ ತಳ್ಳುಗಾಡಿ ತರುವ ತಾಯಿಗೂ, ಮೊಣಕಾಲು ನೋಯುವ ಅಜ್ಜನಿಗೂ ಬೇಕಾದದ್ದು.

ಕುರ್ಚಿಯೂ ಅದರಲ್ಲಿ ಕುಳಿತವರೂ ಸೇರಿ 80 ಕಿಲೋಗ್ರಾಂ ಎಂದುಕೊಳ್ಳೋಣ. 12 ಮೀಟರ್ ಸಾಗಿದಾಗ 1 ಮೀಟರ್ ಏರುವ ಇಳಿಜಾರಿನಲ್ಲಿ ಉರುಳುಘರ್ಷಣೆಯನ್ನು ಬಿಟ್ಟರೆ 6.6 ಕಿಲೋಗ್ರಾಂ ಭಾರದಷ್ಟು ಬಲ ಹಾಕಿದರೆ ಸಾಕು. ಕುಳಿತವರೇ ತಮ್ಮ ಕೈಗಳಿಂದ ಗಾಲಿ ತಿರುಗಿಸಿಕೊಂಡು ಏರಬಹುದು. 4 ಮೀಟರಿಗೆ 1 ಮೀಟರ್ ಏರುವಂತಿದ್ದರೆ 19 ಕಿಲೋಗ್ರಾಂ ಭಾರದಷ್ಟು ಬಲ ಬೇಕು; ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವೂ ಸೇರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು ವಿಧಿಸಿದೆ. ಕೇಂದ್ರ ಸರ್ಕಾರವು 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳೂ 12ಕ್ಕೆ 1 ಎಂಬ ಪ್ರಮಾಣವನ್ನೇ ಮೇಲಿನ ಮಿತಿಯಾಗಿ ಇಟ್ಟುಕೊಂಡಿವೆ. ಅರ್ಧ ಮೀಟರ್ ಎತ್ತರದ ಜಗಲಿಗೆ 6 ಮೀಟರ್ ಉದ್ದದ ಇಳಿಜಾರು ಬೇಕೆಂದಾಯಿತು. ಎರಡು ಮೀಟರ್ ಉದ್ದದ ಹಲಗೆಯೊಂದನ್ನು ಒರಗಿಸಿಟ್ಟು ಇಳಿಜಾರು ಮಾಡಿದೆವೆಂದರೆ ಅದು ಮಾತಿನ ಇಳಿಜಾರು ಮಾತ್ರ.

ಹೊಸ್ತಿಲಿನಂತಹ ಸಣ್ಣ ಅಡ್ಡಿಯನ್ನೂ ಉಪೇಕ್ಷಿಸಬಾರದು. ಗಾಲಿಯು ಎತ್ತರದ ಅಂಚೊಂದನ್ನು ದಾಟಬೇಕಾದರೆ ಬೇಕಾಗುವ ಬಲ ಅದರ ತ್ರಿಜ್ಯವನ್ನು ಅವಲಂಬಿಸುತ್ತದೆ. 2 ಸೆಂಟಿಮೀಟರ್ ಎತ್ತರದ ಕಲ್ಲಂಚಿಗೆ, 30 ಸೆಂಟಿಮೀಟರ್ ತ್ರಿಜ್ಯದ ಹಿಂಗಾಲಿಯ ಮೇಲಿನ ಭಾರದ ಸುಮಾರು ನೂರಕ್ಕೆ 38ರಷ್ಟು ಬಲ ಸಾಕಾದರೆ, 10 ಸೆಂಟಿಮೀಟರ್ ತ್ರಿಜ್ಯದ ಮುಂಗಾಲಿಗೆ ಅದರ ಭಾರದ ನೂರಕ್ಕೆ 75ರಷ್ಟು ಬೇಕು. ನಡೆಯುವವರ ಕಾಲಿಗೆ ಅರಿವೇ ಆಗದ ಅಂಚು ಮುಂಗಾಲಿಯ ಪಾಲಿಗೆ ಗೋಡೆ.

ಮರಳಿನ ಮೇಲೆ, ಎತ್ತರದ ಮೇಲೆ

ಕಾಪುವಿನ ಕಡಲತೀರದಲ್ಲಿ ಒಣ ಮರಳಿನ ಮೇಲೆ ಗಾಲಿ ಹೂಳುತ್ತದೆ. ಅಲೆ ಬಂದು ಹೋದ ಅಂಚಿನಲ್ಲಿ ಮರಳು ಗಟ್ಟಿಯಾಗಿರುತ್ತದೆ. ತೇವದ ಮರಳಿನ ಕಣಗಳ ನಡುವಿನ ನೀರು ತನ್ನ ಮೇಲ್ಮೈ ಸೆಳೆತದಿಂದ ಅವನ್ನು ಒಂದಕ್ಕೊಂದು ಬಿಗಿದು ಹಿಡಿಯುವುದೇ ಇದಕ್ಕೆ ಕಾರಣ. ಒತ್ತಡವೆಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಆದುದರಿಂದ ಅಗಲವಾದ ಗಾಲಿಗಳಿಂದಲೋ, ಮರಳಿನ ಮೇಲೆ ಹಾಸಿದ ಗಟ್ಟಿ ಚಾಪೆಗಳಿಂದಲೋ ನೀರಂಚಿನವರೆಗೆ ದಾರಿ ಮಾಡಿಕೊಡಬಹುದು.

ಅಲ್ಲಿನ ದೀಪಸ್ತಂಭ 1901ರಲ್ಲಿ ಕಟ್ಟಿದ್ದು. ಎತ್ತರ ಸುಮಾರು 27 ಮೀಟರ್. ತೀರದಲ್ಲಿ ನಿಂತವರಿಗೆ ದಿಗಂತ ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿದ್ದರೆ, 27 ಮೀಟರ್ ಎತ್ತರದ ಕಣ್ಣಿಗೆ ಹದಿನೆಂಟು ಕಿಲೋಮೀಟರಿಗೂ ಆಚೆ ಸರಿಯುತ್ತದೆ. ಮೆಟ್ಟಿಲೇರಲಾಗದವರಿಗೆ ಈ ನೋಟವನ್ನು ಇಳಿಜಾರಿನಿಂದ ಒದಗಿಸಬೇಕಾದರೆ ಅದು 324 ಮೀಟರ್ ಉದ್ದವಾದೀತು. ಹಳೆಯ ಕಟ್ಟಡಕ್ಕೆ ಅದು ಹೊಂದುವಂಥದಲ್ಲ. ಆದರೆ ಮಣಿಪಾಲದಲ್ಲಿ ಪ್ರಕೃತಿಯೇ ಈ ಕೆಲಸ ಮಾಡಿಟ್ಟಿದೆ. ಮುರಕಲ್ಲಿನ ಚಪ್ಪಟೆ ನೆತ್ತಿಯ ಆ ಗುಡ್ಡಕ್ಕೆ ವಾಹನದಲ್ಲಿಯೇ ಬಂದು, ಎಂಡ್ ಪಾಯಿಂಟಿನಿಂದ ಕೆಳಗೆ ಹರಿಯುವ ಸ್ವರ್ಣಾ ನದಿಯನ್ನು ಕಾಣಬಹುದು. ಎಲ್ಲ ತಾಣಗಳನ್ನೂ ಎಲ್ಲರಿಗೂ ತೆರೆಯಲಾಗದೆಂಬುದು ನಿಜ. ಸುಲಭವಾಗಿ ತೆರೆಯಬಹುದಾದುದನ್ನು ಒಂದು ಕಲ್ಲಂಚಿನಿಂದ ಮುಚ್ಚಿಬಿಡುವುದಕ್ಕೆ ಅದು ನೆಪವಾಗಲಾರದು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ಮುಂದಿನ ರಜೆಯಲ್ಲಿ ನಿಮ್ಮ ಊರಿನ ಉದ್ಯಾನಕ್ಕೆ ಹೋಗುವಾಗ ಒಂದು ಅಳತೆಪಟ್ಟಿಯನ್ನೂ ಕೈಗಡಿಯಾರವನ್ನೂ ಒಯ್ಯಿರಿ. ಉಯ್ಯಾಲೆಯ ಇಪ್ಪತ್ತು ಚಿಕ್ಕ ತೂಗುಗಳ ಕಾಲವನ್ನು ಅಳೆದು, ಸರಪಳಿಯ ಉದ್ದದಿಂದ ಗುರುತ್ವವೇಗೋತ್ಕರ್ಷವನ್ನು ಲೆಕ್ಕ ಹಾಕಿರಿ, 9.8ಕ್ಕೆ ಎಷ್ಟು ಸಮೀಪ ಬಂದಿರೆಂದು ನೋಡಿರಿ. ಜಾರುಬಂಡೆಯ ಎತ್ತರ ಮತ್ತು ಉದ್ದಗಳಿಂದ ಅದರ ಕೋನವನ್ನು ಕಂಡುಹಿಡಿಯಿರಿ. ಕೆಳಗಿನ ಮರಳಿಗೆ ಕಡ್ಡಿಯೊಂದನ್ನು ಚುಚ್ಚಿ ಅದು ಎಷ್ಟು ಆಳಕ್ಕೆ ಸಡಿಲವಾಗಿದೆಯೆಂದು ಪರೀಕ್ಷಿಸಿರಿ. ಬಾಗಿಲಿನಿಂದ ಉಯ್ಯಾಲೆಯವರೆಗಿನ ದಾರಿಯಲ್ಲಿರುವ ಪ್ರತಿಯೊಂದು ಮೆಟ್ಟಿಲನ್ನೂ ಅಂಚನ್ನೂ ಅಳೆದು, ಪ್ರತಿಯೊಂದಕ್ಕೂ ಬೇಕಾಗುವ ಇಳಿಜಾರಿನ ಉದ್ದವನ್ನು ಬರೆದಿಡಿರಿ. ಹಾಗೆ ಸಿದ್ಧವಾದ ಒಂದು ಹಾಳೆಯನ್ನು ಸ್ಥಳೀಯ ನಗರಸಭೆಗೋ ಪುರಸಭೆಗೋ ಒಪ್ಪಿಸಿದರೆ, ತರಗತಿಯಲ್ಲಿ ಕಲಿತ ಸೂತ್ರವು ಊರಿನ ಒಂದು ಮಗುವಿಗೆ ದಾರಿಯಾದೀತು.